ಮೈದಾನಕ್ಕಿಳಿದ ಲೆಕ್ಕದ ಮಾಸ್ತರು

"ಗುರುಗಳೇ, ಒಂದೇ ಪಾಠವನ್ನು ಒಂದು ಮಗುವಿಗೆ ಎಷ್ಟು ಸಲ ಹೇಳಬೇಕು?" ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಆ ದಿನ ಒಬ್ಬ ಹುಡುಗನ ಮೇಲೆ ರೇಗಿ ಬಂದಿದ್ದ. ದನಿ ಇನ್ನೂ ತಗ್ಗಿರಲಿಲ್ಲ.

"ಅರ್ಥವಾಗುವವರೆಗೂ ಹೇಳು ಎನ್ನಬೇಡಿ. ತಿಳಿಸಿ ಹೇಳಿದ್ದೇನೆ, ಗದರಿಸಿ ಹೇಳಿದ್ದೇನೆ, ಎಲ್ಲರ ಎದುರು ನಿಲ್ಲಿಸಿ ಹೇಳಿದ್ದೇನೆ. ಅವನು ನೆಲ ನೋಡುತ್ತಾನೆ. ಕೆಲವರ ತಲೆಗೆ ಕೆಲವು ವಿದ್ಯೆ ಹತ್ತುವುದಿಲ್ಲ ಎಂದುಕೊಂಡು ಬಿಟ್ಟುಬಿಡಲೇ?"

ಗುರುಗಳು ಕೂರಲು ಹೇಳಿದರು. ಅವನು ಕುಳಿತು, ನೀರು ಕುಡಿದ ಮೇಲೆ ಈ ಕತೆ ಹೇಳಿದರು.

ನೇಕಾರರೇ ಹೆಚ್ಚಾಗಿದ್ದ ಒಂದು ಊರು. ಅಲ್ಲೊಂದು ಹೆಣ್ಣುಮಕ್ಕಳ ಶಾಲೆ. ಆ ಶಾಲೆಯಲ್ಲಿ ಒಬ್ಬರು ಲೆಕ್ಕದ ಮಾಸ್ತರು ಇದ್ದರು. ಒಳ್ಳೆಯವರು. ಒಂದು ದಿನವೂ ತಡವಾಗಿ ಬಂದವರಲ್ಲ, ಪಾಠ ಬಿಟ್ಟವರಲ್ಲ. ತಮಗೆ ತಿಳಿದದ್ದು ಎಲ್ಲರಿಗೂ ತಿಳಿಯಲೇಬೇಕು ಎಂಬುದು ಅವರ ಹಟ. ತಿಳಿಯದಿದ್ದರೆ ಅದು ಮಕ್ಕಳ ಉದಾಸೀನ ಎಂದು ಅವರ ನಂಬಿಕೆ.

ಏಳನೆಯ ತರಗತಿಯಲ್ಲಿ ಹೊನ್ನವ್ವ ಎಂಬ ಹುಡುಗಿ ಇದ್ದಳು. ಹಾಡು, ಮಾತು, ಓಟ ಎಲ್ಲದರಲ್ಲೂ ಮುಂದು. ಲೆಕ್ಕದ ಪಾಠ ಶುರುವಾದರೆ ಅವಳ ಬಾಯಿ ಕಟ್ಟುತ್ತಿತ್ತು.

ಆ ವರ್ಷ ಋಣಸಂಖ್ಯೆಯ ಪಾಠ ಬಂತು. ಮಾಸ್ತರು ಅವಳನ್ನು ಎಬ್ಬಿಸಿ ಕೇಳಿದರು.

"ಮೂರರಾಗ ಐದು ಕಳದರ ಎಷ್ಟು?"

"ಕಳಿಯಾಕ ಬರೂದಿಲ್ಲರಿ ಸರ್."

"ಯಾಕ ಬರೂದಿಲ್ಲ?"

"ಮೂರ ಅದಾವಲ್ಲರಿ. ಐದು ಎಲ್ಲಿಂದ ತರೂದು?"

ತರಗತಿ ನಕ್ಕಿತು. ಮಾಸ್ತರು ನಗಲಿಲ್ಲ. ಉತ್ತರ ಬರುವವರೆಗೂ ನಿಂತಿರು ಎಂದರು. ಗಂಟೆ ಹೊಡೆಯುವವರೆಗೂ ಅವಳು ನಿಂತಳು. ಮರುದಿನವೂ ನಿಂತಳು. ಆಮೇಲೆ ಲೆಕ್ಕದ ಪಾಠಕ್ಕೆ ಮಾಸ್ತರು ಒಳಗೆ ಬಂದ ಕೂಡಲೇ, ಯಾರೂ ಹೇಳದೆ ತಾನಾಗಿಯೇ ಎದ್ದು ನಿಲ್ಲತೊಡಗಿದಳು. ಮಾಸ್ತರು ಅದನ್ನು ಸೊಕ್ಕು ಎಂದುಕೊಂಡರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹೊನ್ನವ್ವ ಒಬ್ಬಳೇ ಅಲ್ಲ, ತರಗತಿಯ ಅರ್ಧದಷ್ಟು ಹುಡುಗಿಯರು ಲೆಕ್ಕದಲ್ಲಿ ಫೇಲಾದರು. ಮಾಸ್ತರು ಮುಖ್ಯ ಶಿಕ್ಷಕಿಯ ಬಳಿ ಹೋಗಿ, ಫೇಲಾದವರ ಆಟದ ಅವಧಿಯನ್ನು ತಮಗೆ ಕೊಡಬೇಕು ಎಂದು ಕೇಳಿದರು. ಆಕೆ ಒಪ್ಪಿದರು.

ಆ ಶಾಲೆಯಲ್ಲಿ ಒಬ್ಬರು ಡ್ರಿಲ್ ಮಾಸ್ತರೂ ಇದ್ದರು. ಅವರು ಜಗಳಕ್ಕೆ ಹೋಗಲಿಲ್ಲ. ಸಂಜೆ ಲೆಕ್ಕದ ಮಾಸ್ತರ ಪಕ್ಕದಲ್ಲಿ ಬಂದು ಕುಳಿತರು.

"ಸರ್, ನಾನೂ ಶಾಲ್ಯಾಗ ಲೆಕ್ಕಕ್ಕ ಫೇಲಾದಾಂವ. ಆಟದ ಅವಧಿ ಕಸಗೊಂಡ್ರು, ಮತ್ತ ಫೇಲಾದೆ. ನೀವು ಆ ಪಾಠ ಮೊದಲ ನನಗ ಕಲಸ್ರಿ. ನನಗ ತಿಳಿದರ ಮೈದಾನದಾಗ ಆಡಿಸಿ ಹುಡುಗ್ಯಾರಿಗೆ ಕಲಸ್ತೀನಿ. ಆಗದಿದ್ದರ ಅವಧಿ ನಿಮ್ಮದ."

ಲೆಕ್ಕದ ಮಾಸ್ತರಿಗೆ ಇದು ಹುಡುಗಾಟಿಕೆ ಎನ್ನಿಸಿತು. ಆದರೂ ಕೇಳಿದವರಿಗೆ ಪಾಠ ಹೇಳುವುದಿಲ್ಲ ಎನ್ನಲು ಅವರಿಗೆ ಬರುತ್ತಿರಲಿಲ್ಲ. ಹಲಗೆಯ ಮೇಲೆ ಒಂದು ಗೆರೆ ಎಳೆದರು. ನಡುವೆ ಸೊನ್ನೆ ಬರೆದರು. ಬಲಗಡೆ ಧನಸಂಖ್ಯೆ, ಎಡಗಡೆ ಋಣಸಂಖ್ಯೆ ಎಂದರು. ಡ್ರಿಲ್ ಮಾಸ್ತರು ಬಹಳ ಹೊತ್ತು ನೋಡಿದರು, ತಲೆ ಕೆರೆದುಕೊಂಡರು. ಕೂತು ತಿಳಿಯುತ್ತಿಲ್ಲ ಎಂದು ಎದ್ದರು. ಕೋಣೆಯ ನಡುವೆ ನಿಂತು, ಇದು ಸೊನ್ನೆ ಎಂದುಕೊಂಡು ಬಲಕ್ಕೂ ಎಡಕ್ಕೂ ಮುಖ ಮಾಡಿ ಹೆಜ್ಜೆ ಹಾಕಿ ನೋಡಿದರು.

"ಕೂಡು ಅಂದ್ರ ಬಲಕ್ಕ ಮಾರಿ ಮಾಡಿ ನಿಲ್ಲೂದು. ಕಳಿ ಅಂದ್ರ ಹಿಂದ ತಿರುಗೂದು. ಹೌದಿಲ್ಲೋ?"

"ಹಂಗಂತ ಇಟ್ಕೋರಿ."

"ಧನ ಅಂದ್ರ ಮುಂದ ನಡಿಯೂದು. ಋಣ ಅಂದ್ರ ಮಾರಿ ತಿರುಗಿಸದ ಹಿಂದ ಹಿಂದ ನಡಿಯೂದು."

ಲೆಕ್ಕದ ಮಾಸ್ತರು ಮನಸ್ಸಿನಲ್ಲೇ ಎರಡು ಲೆಕ್ಕ ಮಾಡಿ ನೋಡಿದರು. ಸರಿಯಾಗಿ ಬಂತು. ಇಷ್ಟು ವರ್ಷ ಪಾಠ ಹೇಳಿದ್ದರೂ ಆ ಗೆರೆಯ ಮೇಲೆ ಒಬ್ಬ ಮನುಷ್ಯ ನಿಂತಿರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ಅದನ್ನು ತೋರಿಸಿಕೊಳ್ಳದೆ, "ಆತು, ಸ್ವಲ್ಪ ದಿನ ಆಡಿಸಿ ನೋಡ್ರಿ" ಎಂದರು.

ಮರುದಿನ ಡ್ರಿಲ್ ಮಾಸ್ತರು ಮೈದಾನದಲ್ಲಿ ಸುಣ್ಣದ ಪುಡಿಯಿಂದ ಉದ್ದ ಗೆರೆ ಎಳೆದರು. ಅದು ಸೊಟ್ಟಗಿತ್ತು. ಅದರ ಮೇಲೆ ಅಡ್ಡ ಗೀಟುಗಳನ್ನು ಹಾಕಿ ಅಂಕೆ ಬರೆಸಿದರು. ಆಟ ಹೀಗಿತ್ತು. ಅವರು ಲೆಕ್ಕವನ್ನು ಕೂಗಿ ಹೇಳಿ ಸೀಟಿ ಊದುವುದು. ಹುಡುಗಿಯರು ತಿರುಗಬೇಕಾದರೆ ತಿರುಗಿ, ಓಡಬೇಕಾದಷ್ಟು ಓಡಿ ಉತ್ತರದ ಗೀಟಿನ ಮೇಲೆ ನಿಲ್ಲುವುದು. ತಪ್ಪು ಗೀಟಿನ ಮೇಲೆ ನಿಂತವಳು ಔಟ್. ಔಟಾದವಳು ಪಕ್ಕದಲ್ಲಿ ಕೂತು ಮುಂದಿನ ಒಂದು ಆಟಕ್ಕೆ ಪಂಚಾಯಿತಿ ಮಾಡಬೇಕು, ಯಾರು ಸರಿ ಯಾರು ತಪ್ಪು ಎಂದು ಅವಳೇ ಹೇಳಬೇಕು. ಆಮೇಲೆ ಮತ್ತೆ ಒಳಗೆ.

ಮೊದಮೊದಲು ಎಲ್ಲರೂ ಔಟಾದರು. ಒಬ್ಬರಿಗೊಬ್ಬರು ಢಿಕ್ಕಿ ಹೊಡೆದರು. ಹಿಂದೆ ಹಿಂದೆ ನಡೆಯಲು ಹೋಗಿ ಬಿದ್ದರು. ಬಿದ್ದವರೂ ನಕ್ಕರು. ಪಂಚಾಯಿತಿಗೆ ಕೂತವರು ಓಡುವವರಿಗಿಂತ ಗಟ್ಟಿಯಾಗಿ ಕೂಗಾಡಿದರು. ಹೊನ್ನವ್ವ ಹೆಚ್ಚಾಗಿ ಪಂಚಾಯಿತಿಯಲ್ಲೇ ಇರುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಅವಳು ಓಡುವುದಕ್ಕೆ ಮೊದಲೇ ಗೀಟನ್ನು ನೋಡುತ್ತಿದ್ದಳು. ಉತ್ತರ ಅವಳ ಕಣ್ಣಿಗೆ ಮೊದಲು, ಕಾಲಿಗೆ ಆಮೇಲೆ ಬರತೊಡಗಿತ್ತು.

ಲೆಕ್ಕದ ಮಾಸ್ತರು ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು.

ಅಷ್ಟರಲ್ಲಿ ಡ್ರಿಲ್ ಮಾಸ್ತರು ಖೋ ಖೋ ತಂಡವನ್ನು ಕರೆದುಕೊಂಡು ಜಿಲ್ಲಾ ಪಂದ್ಯಕ್ಕೆ ಹೋಗಬೇಕಾಯಿತು. "ನೀವು ಹೋಗಿ ಬರ್ರಿ, ಈ ಆಟ ನಾನ ನಡಸ್ತೀನಿ" ಎಂದು ಲೆಕ್ಕದ ಮಾಸ್ತರೇ ಮುಂದೆ ಬಂದರು. ಅವರ ಮನಸ್ಸಿನಲ್ಲಿ ಒಂದು ವಿಚಾರವಿತ್ತು. ಗೆರೆಯ ಮೇಲೆ ಓಡಿದರೆ ಲೆಕ್ಕ ಬರುತ್ತದೆ. ಹಾಗಿದ್ದರೆ ಆ ಓಟವನ್ನು ಇನ್ನೂ ಶಿಸ್ತಿನಿಂದ ಓಡಿಸಿದರೆ ಇನ್ನೂ ಬೇಗ ಬರಬೇಕು.

ಅವರು ಹಗ್ಗ ಹಿಡಿದು ಗೆರೆಯನ್ನು ನೆಟ್ಟಗೆ ಎಳೆದರು. ಗೀಟುಗಳನ್ನು ಅಳೆದು ಹಾಕಿದರು. ಗುಂಪಾಗಿ ಓಡುವುದನ್ನು ನಿಲ್ಲಿಸಿ ಒಬ್ಬೊಬ್ಬಳನ್ನೇ ಕರೆದರು. ನಗಬಾರದು ಎಂದರು. ಔಟಾದವರು ಕೂಗಾಡಿದರೆ ಪಾಠಕ್ಕೆ ಅಡ್ಡಿ ಎಂದು ಪಂಚಾಯಿತಿಯನ್ನು ತೆಗೆದರು. ತಪ್ಪಿದವರು ಶಾಲೆಯ ಗೋಡೆಗೆ ಮುಖ ಮಾಡಿ ನಿಂತು, ತಮ್ಮ ತಪ್ಪನ್ನು ಯೋಚಿಸಬೇಕು ಎಂದರು.

ಮೊದಲ ದಿನ ಗೋಡೆಯ ಬಳಿ ಕೆಲವರು ನಿಂತರು. ಮರುದಿನ ಇನ್ನಷ್ಟು ಜನ ನಿಂತರು. ಗೆರೆಯ ಮೇಲೆ ಕಾಲಿಡುವ ಮೊದಲು ಹುಡುಗಿಯರು ಮಾಸ್ತರ ಮುಖ ನೋಡತೊಡಗಿದರು. ಅಂಕೆಯನ್ನು ಯಾರೂ ನೋಡಲಿಲ್ಲ. ನಿನ್ನೆ ಸರಿಯಾಗಿ ಓಡಿದವರು ಇಂದು ಸೊನ್ನೆಯಿಂದ ಕದಲಲಿಲ್ಲ. ಮೈದಾನ ತರಗತಿಯಷ್ಟೇ ಶಾಂತವಾಯಿತು.

ಹೊನ್ನವ್ವನ ಸರದಿ ಬಂದಾಗ ಅವಳು ಗೆರೆಯ ಕಡೆಗೆ ಹೋಗಲಿಲ್ಲ. ನೇರ ಗೋಡೆಯ ಬಳಿ ಹೋಗಿ ಮುಖ ತಿರುಗಿಸಿ ನಿಂತಳು. ಮರುದಿನದಿಂದ ಶಾಲೆಗೇ ಬರಲಿಲ್ಲ.

ವಾರ ಕಳೆದು ಡ್ರಿಲ್ ಮಾಸ್ತರು ಬಂದರು. ಗೋಡೆಯ ಉದ್ದಕ್ಕೂ ನಿಂತ ಹುಡುಗಿಯರ ಬೆನ್ನುಗಳನ್ನು ನೋಡಿದರು.

"ಸರ್, ಔಟಾದವರು ಮತ್ತ ಒಳಗ ಬರಬೇಕು" ಎಂದರು. "ಇಲ್ಲಂದ್ರ ಅದು ಆಟ ಅಲ್ಲ."

"ತಪ್ಪಿದ್ದು ತಪ್ಪಂತ ಗೊತ್ತಾಗೂದು ಬ್ಯಾಡೇನು?"

"ಗೊತ್ತಾಗಬೇಕು. ಆದರ ಎಷ್ಟೊತ್ತು?"

ಲೆಕ್ಕದ ಮಾಸ್ತರು ಗೋಡೆಯ ಕಡೆ ನೋಡಿದರು.

"ನೀವು ಒಂದ ಸಲ ಆಡ್ರಿ" ಎಂದರು ಡ್ರಿಲ್ ಮಾಸ್ತರು.

ಲೆಕ್ಕದ ಮಾಸ್ತರಿಗೆ ಅದರಲ್ಲಿ ಭಯಪಡುವಂಥದ್ದು ಏನೂ ಕಾಣಲಿಲ್ಲ. ಅದು ಅವರದೇ ಪಾಠ. ಪಂಚೆಯನ್ನು ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು ಹುಡುಗಿಯರ ನಡುವೆ ನಿಂತರು. ಗೋಡೆಯ ಬಳಿ ಇದ್ದವರೂ ಒಳಗೆ ಬಂದರು.

"ಒಂದರ ಮ್ಯಾಲ ನಿಲ್ರಿ!" ಎಂದು ಡ್ರಿಲ್ ಮಾಸ್ತರು ಕೂಗಿದರು. "ಋಣ ನಾಲ್ಕು ಕಳೀರಿ!"

ಸೀಟಿ ಊದಿದರು. ಎಡಬಲದಿಂದ ಹುಡುಗಿಯರು ನುಗ್ಗಿದರು. ಯಾರದೋ ಮೊಣಕೈ ತಾಗಿತು. ಮಾಸ್ತರು ಕಳೆಯಬೇಕು ಎಂದು ಹಿಂದೆ ತಿರುಗಿದರು. ಅಲ್ಲಿಯವರೆಗೆ ಸರಿ. ತಿರುಗಿದ ಮೇಲೆ ಹಿಂದೆ ಹಿಂದೆ ನಡೆಯಬೇಕಾಗಿತ್ತು. ಅವಸರದಲ್ಲಿ ಮುಂದಕ್ಕೆ ಓಡಿಬಿಟ್ಟರು. ನಿಂತು ನೋಡಿದರೆ ಸೊನ್ನೆಯನ್ನು ದಾಟಿ ಋಣ ಮೂರರ ಮೇಲೆ ಒಬ್ಬರೇ ಇದ್ದರು. ದೂರದಲ್ಲಿ, ಐದರ ಗೀಟಿನ ಮೇಲೆ, ಹುಡುಗಿಯರೆಲ್ಲ ಒತ್ತೊತ್ತಾಗಿ ನಿಂತು ಅವರನ್ನು ನೋಡುತ್ತಿದ್ದರು.

"ಸರ್ ಔಟ್!" ಎಂದು ಒಬ್ಬಳು ಕೂಗಿದಳು. ಕೂಗಿದವಳೇ ಹೆದರಿ ಬಾಯಿ ಮುಚ್ಚಿಕೊಂಡಳು.

ಮಾಸ್ತರ ಮುಖ ಬಿಸಿಯಾಯಿತು. ಈ ಲೆಕ್ಕ ತಮಗೆ ಗೊತ್ತು ಎಂದು ಹೇಳಬೇಕೆನಿಸಿತು. ನೂಕಿದರು ಎಂದು ಹೇಳಬೇಕೆನಿಸಿತು. ಅಷ್ಟು ಜನರ ಕಣ್ಣು ತಮ್ಮ ಮೇಲಿರುವಾಗ ಯಾವ ಮಾತೂ ಹೊರಡಲಿಲ್ಲ. ಅವರು ತಲೆ ತಗ್ಗಿಸಿ, ತಾವೇ ಗೋಡೆಯ ಕಡೆಗೆ ನಡೆದರು.

"ಅಲ್ಲಿಗಲ್ಲ ಸರ್" ಎಂದು ಡ್ರಿಲ್ ಮಾಸ್ತರು ತಡೆದರು. "ಇಲ್ಲಿ ಕೂತು ಪಂಚಾಯಿತಿ ಮಾಡ್ರಿ."

ಮಾಸ್ತರು ನೆಲದ ಮೇಲೆ ಕುಳಿತರು. ಡ್ರಿಲ್ ಮಾಸ್ತರು ಮತ್ತೆ ಸೀಟಿ ಊದಿದರು. ಹುಡುಗಿಯರು ಓಡಿದರು. ಅವರ ತಪ್ಪನ್ನು ಆಗಲೇ ಎಲ್ಲರೂ ಮರೆತಿದ್ದರು. ಒಬ್ಬಳು ಗೀಟು ತಪ್ಪಿದಳು. ಮಾಸ್ತರಿಗೆ ಅರಿವಿಲ್ಲದೆಯೇ "ಔಟ್!" ಎಂಬ ಕೂಗು ಬಾಯಿಂದ ಹೊರಬಿತ್ತು. ಅವಳು ನಗುತ್ತ ಬಂದು ಅವರ ಪಕ್ಕದಲ್ಲೇ ಕುಳಿತಳು. "ಏಳ್ರಿ ಸರ್, ನಿಮ್ಮದು ಮುಗೀತು, ಒಳಗ ಹೋಗ್ರಿ" ಎಂದಳು.

ಮಾಸ್ತರು ಎದ್ದು ಒಳಗೆ ಹೋದರು. ಈ ಸಲ ಸರಿಯಾದ ಗೀಟಿನ ಮೇಲೆ ನಿಂತರು. ಯಾರೂ ಹೊಗಳಲಿಲ್ಲ. ಅವರ ಪಕ್ಕದಲ್ಲಿ ನಿಂತಿದ್ದ ಹುಡುಗಿ ಜಾಗ ಸಾಲದೆ ಅವರನ್ನು ಸ್ವಲ್ಪ ಒತ್ತಿದಳು, ಅಷ್ಟೇ. ಮಾಸ್ತರಿಗೆ ನಗು ಬಂತು. ಅವರು ನಕ್ಕದ್ದನ್ನು ಆ ಹುಡುಗಿಯರು ಅದೇ ಮೊದಲು ನೋಡಿದ್ದು.

ಆಟ ಮುಗಿದ ಮೇಲೆ ಅವರು ಕೋಣೆಗೆ ಹೋಗಲಿಲ್ಲ. ಕಾಲು ತೊಳೆದುಕೊಂಡು, ವಿಳಾಸ ಕೇಳಿಕೊಂಡು ಹೊನ್ನವ್ವನ ಮನೆಗೆ ಹೊರಟರು.

ಮನೆಯೊಳಗೆ ಮಗ್ಗ ನಡೆಯುತ್ತಿತ್ತು. ಹೊನ್ನವ್ವ ಬಾಗಿಲ ಪಕ್ಕದಲ್ಲಿ ಚರಕದ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಾಸ್ತರನ್ನು ನೋಡಿದ ಕೂಡಲೇ ಎದ್ದು ನಿಂತಳು.

ತಾಯಿ ಹೊರಗೆ ಬಂದಳು. "ಮಾಸ್ತರ, ಆಕೀಗೆ ಬೈಯಾಕ ಬಂದಿದ್ದರ ಬ್ಯಾಡ್ರಿ" ಎಂದಳು. "ಆಕಿ ತಲಿಗೆ ಲೆಕ್ಕ ಹತ್ತೂದಿಲ್ಲಂತ. ತಾನ ಹೇಳ್ತಾಳ. ಮನ್ಯಾಗ ಕಂಡಿಕಿ ಸುತ್ತಿಕೋತ ಇರ್ತೀನಿ, ಸಾಲಿಗೆ ಕಳಸಬ್ಯಾಡ ಅಂತ ದಿನಾ ಅಳ್ತಾಳ. ಇರಲಿ ಬಿಡ್ರಿ. ಕಳಸಬೇಕಂತ ನನಗೂ ಆಸೆ ಇತ್ತು."

ಮಾಸ್ತರು ಹುಡುಗಿಯ ಕಡೆ ತಿರುಗಿದರು.

"ಹೊನ್ನವ್ವ, ನಾನು ಇವತ್ತ ಔಟಾದೆ."

ಹುಡುಗಿ ತಲೆ ಎತ್ತಿದಳು. ಬೈಗುಳಕ್ಕೆ ಸಿದ್ಧವಾಗಿ ನಿಂತವಳಿಗೆ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ನೀವ್ರಿ?"

"ಹೌದು. ಎಲ್ಲಾರೂ ಐದರ ಮ್ಯಾಲ, ನಾನೊಬ್ಬನ ಋಣ ಮೂರರ ಮ್ಯಾಲ."

"ಯಾವ ಲೆಕ್ಕರಿ?"

"ಒಂದರಾಗ ಋಣ ನಾಲ್ಕು ಕಳಿಯೂದು."

ಅವಳ ಕಣ್ಣು ಅಂಗಳದ ಕಡೆ ಹೋಯಿತು. ಅಲ್ಲಿ ಗೆರೆಯೂ ಇರಲಿಲ್ಲ, ಗೀಟೂ ಇರಲಿಲ್ಲ. ಆದರೂ ಅವಳು ಅಲ್ಲೇ ಏನನ್ನೋ ಹುಡುಕಿದಳು.

"ತಿರುಗಿ, ಮುಂದ ಓಡಿದಿರೇನ್ರಿ?" ಎಂದಳು.

"ಓಡಿದೆ."

ಹೊನ್ನವ್ವ ನಕ್ಕಳು. ತಾಯಿ ಗಾಬರಿಯಾಗಿ ಅವಳ ಕೈ ಹಿಡಿದು ಎಳೆದಳು. ಮಾಸ್ತರು, "ನಗಲಿ ಬಿಡವ್ವ" ಎಂದರು. ಆಮೇಲೆ ಹುಡುಗಿಯನ್ನು ಕೇಳಿದರು. "ನಾಳೆ ಬರ್ತೀಯೇನು? ಗ್ವಾಡಿ ಕಡೆ ಯಾರೂ ನಿಲ್ಲೂದಿಲ್ಲ. ನಾನೂ ಆಡ್ತೀನಿ."

ಅವಳು ಮರುದಿನ ಬಂದಳು.

ಅಂದಿನಿಂದ ಮಾಸ್ತರು ತರಗತಿಯಲ್ಲಿಯೂ ಯಾರನ್ನೂ ನಿಲ್ಲಿಸಲಿಲ್ಲ. ಅದು ಅವರಿಗೆ ಸುಲಭವಾಗಿರಲಿಲ್ಲ. ತಪ್ಪು ಉತ್ತರ ಕೇಳಿದರೆ ಹಳೆಯ ಸಿಟ್ಟು ಗಂಟಲವರೆಗೆ ಬರುತ್ತಿತ್ತು. ಆಗ ಅವರು ಹಲಗೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಏನನ್ನೋ ಅಳಿಸುತ್ತಿದ್ದರು. ಆಮೇಲೆ ಈ ಕಡೆ ತಿರುಗಿ, "ಔಟ್. ಈಗ ನೀನ ಪಂಚಾಯಿತಿ" ಎನ್ನುತ್ತಿದ್ದರು. ಮುಂದಿನವಳ ಉತ್ತರ ಸರಿಯೋ ತಪ್ಪೋ ಎಂದು ಅವಳು ಹೇಳಬೇಕು. ಹೇಳಬೇಕಾದರೆ ಅವಳು ಲೆಕ್ಕವನ್ನು ಮತ್ತೆ ಮಾಡಲೇಬೇಕು.

ಒಂದು ದಿನ ಮಾಸ್ತರು ಹಲಗೆಯ ಮೇಲೆ ಒಂದು ಕಷ್ಟದ ಲೆಕ್ಕ ಬರೆದು ಯಾರು ಮಾಡುತ್ತೀರಿ ಎಂದರು. ಹೊನ್ನವ್ವ ಕೈ ಎತ್ತಿದಳು. ಎದ್ದು ಉತ್ತರ ಹೇಳಿದಳು. ತಪ್ಪಾಗಿತ್ತು. "ಔಟ್ ಆದೆ" ಎಂದು ತಾನೇ ಹೇಳಿ ಕೂತಳು. ಪೂರ್ತಿ ಕೂರುವುದರೊಳಗೆ ಮತ್ತೆ ಎದ್ದು, "ಸರ್, ತಡೀರಿ, ಇನ್ನೊಂದು ಸಲ" ಎಂದಳು. ಎರಡನೆಯ ಉತ್ತರ ಸರಿಯಾಗಿತ್ತು. ಮಾಸ್ತರು ಹಲಗೆಯ ಕಡೆ ತಿರುಗಿ ಬಹಳ ಹೊತ್ತು ಅಳಿಸಿದರು. ಆ ದಿನ ಅವರಿಗೆ ಸಿಟ್ಟು ಬಂದಿರಲಿಲ್ಲ.

ವರ್ಷದ ಕೊನೆಗೆ ಪರೀಕ್ಷೆ ಬಂತು. ಮೇಲ್ವಿಚಾರಣೆಗೆ ಬೇರೆ ಊರಿನಿಂದ ಒಬ್ಬ ಶಿಕ್ಷಕಿ ಬಂದಿದ್ದರು. ಲೆಕ್ಕದ ಪತ್ರಿಕೆಯ ದಿನ ಹೊನ್ನವ್ವ ಬರೆಯುವುದನ್ನು ನಿಲ್ಲಿಸಿ ಎದ್ದು ನಿಂತಳು.

"ಎಲ್ಲಿಗೆ ಹೋಗ್ತೀ?" ಎಂದು ಆ ಶಿಕ್ಷಕಿ ಕೇಳಿದರು.

"ಎಲ್ಲಿಗೂ ಇಲ್ಲರಿ" ಎಂದಳು. ನಿಂತಲ್ಲೇ ಹಿಂದೆ ತಿರುಗಿದಳು, ಸಣ್ಣ ಸಣ್ಣ ಹೆಜ್ಜೆ ಇಟ್ಟು ಹಿಂದಕ್ಕೆ ಬಂದಳು, ಕೂತಳು, ಬರೆದಳು. ಅತ್ತಿತ್ತ ಬೆಂಚಿನ ಕೆಳಗೆ ಇನ್ನೂ ಕೆಲವರ ಕಾಲುಗಳು ಸದ್ದಿಲ್ಲದೆ ಆಡುತ್ತಿದ್ದವು.

ಫಲಿತಾಂಶ ಬಂದಾಗ ಹೊನ್ನವ್ವ ಪಾಸಾಗಿದ್ದಳು. ಮೊದಲ ಸಾಲಿನಲ್ಲಿ ಅಲ್ಲ, ನಡುವೆ ಎಲ್ಲೋ. ಫೇಲಾಗಿದ್ದ ಹುಡುಗಿಯರಲ್ಲಿ ಬಹಳ ಜನ ಪಾಸಾದರು. ಕೆಲವರು ಆಗಲಿಲ್ಲ. ಆಗದವರೂ ಮುಂದಿನ ವರ್ಷ ಶಾಲೆಗೆ ಬಂದರು. ಮುಖ್ಯ ಶಿಕ್ಷಕಿ ಆಟದ ಅವಧಿಯನ್ನು ತಿರುಗಿ ಕೊಟ್ಟರು. ಲೆಕ್ಕದ ಮಾಸ್ತರು ಮಾತ್ರ ಆ ಅವಧಿಗೆ ಮೈದಾನಕ್ಕೆ ಹೋಗುವುದನ್ನು ಬಿಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಸಿಟ್ಟು ಇಳಿದಿತ್ತು. ಅವನ ಮುಖದಲ್ಲಿ ಉತ್ಸಾಹ ಕಾಣಿಸಿತು.

"ತಿಳಿಯಿತು ಗುರುಗಳೇ. ಮಠದ ಅಂಗಳ ದೊಡ್ಡದಿದೆ. ನಾಳೆಯೇ ಸುಣ್ಣದ ಪುಡಿ ತರಿಸಿ ಗೆರೆ ಎಳೆಸುತ್ತೇನೆ. ನನ್ನ ಹುಡುಗನಿಗೆ ಬಾರದಿರುವುದು ಭಿನ್ನರಾಶಿ. ಅದಕ್ಕೆ ಯಾವ ಆಟ ಆಡಿಸಲಿ, ಹೇಳಿ."

"ಯಾವುದಾದರೂ ಆಡಿಸು, ನೀನು ಔಟಾಗುವಂಥದ್ದು" ಎಂದರು ಗುರುಗಳು.